ಎಲ್ಲರೂ ಮೆಟ್ಟಿದ ಚಪ್ಪಲಿ

ಈಶಪ್ಪನಿಗೆ ಜೀವಾವಧಿ ಶಿಕ್ಷೆ ಕೊಡಿಸಿದ್ದು ಒಂದು ಜೊತೆ ನೀಲಿ ಹವಾಯಿ ಚಪ್ಪಲಿ. ಅದೂ ಏನು ಭಾರಿ ಚಪ್ಪಲಿಯಲ್ಲ. ಎಡಗಾಲಿನದರ ಬಾರು ಕಿತ್ತುಬಂದು, ಅಡಿಯಲ್ಲಿ ಪಿನ್ನು ಚುಚ್ಚಿ ನಿಲ್ಲಿಸಿದ್ದು. ಬೊಮ್ಮಸಂದ್ರದಲ್ಲಿ ಚಿಕ್ಕಬೈರಪ್ಪನವರ ವಠಾರ ಅಂತ ಒಂದಿದೆ. ಆ ವಠಾರದಲ್ಲಿ ಆ ಚಪ್ಪಲಿಯನ್ನು ಮೆಟ್ಟದ ಕಾಲೇ ಇರಲಿಲ್ಲ. ಈ ವಿಷಯ ಅಲ್ಲಿಯ ಮಕ್ಕಳಿಗೂ ಗೊತ್ತಿತ್ತು. ಗೊತ್ತಿರದೆ ಹೋದದ್ದು ನ್ಯಾಯಾಲಯಕ್ಕೆ ಮಾತ್ರ.

ವಠಾರವೆಂದರೆ ಸಾಲಾಗಿ ಕಟ್ಟಿದ ಒಂಟಿ ಕೋಣೆಗಳು, ತುದಿಯಲ್ಲಿ ಎಲ್ಲರಿಗೂ ಸೇರಿ ಎರಡು ಕಕ್ಕಸು, ಒಂದು ಬಚ್ಚಲು. ಬಾಡಿಗೆಗೆ ಇದ್ದವರೆಲ್ಲ ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಕಾರ್ಖಾನೆಗಳಿಗೆ ದುಡಿಯಲು ಬಂದವರು. ಕಂಪನಿಯ ಸೇಫ್ಟಿ ಶೂ ಕಂಪನಿಗೆ ಆಯಿತು, ಒಳ್ಳೆಯ ಚಪ್ಪಲಿ ಊರಿಗೆ ಹೋಗುವಾಗ ಹಾಕಿಕೊಳ್ಳಲು ಆಯಿತು. ಬೆಳಗ್ಗೆ ಬಕೆಟ್ ಹಿಡಿದು ಕಣ್ಣುಜ್ಜುತ್ತ ಹೊರಟವರಿಗೆ ಮಾತ್ರ ಕಾಲಿಗೆ ಸಿಕ್ಕಿದ್ದೇ ಚಪ್ಪಲಿ. ಕಕ್ಕಸಿನ ಪಕ್ಕದ ಕೋಣೆ ಈಶಪ್ಪ ಮತ್ತು ಸವಿತಾಳದು. ಹಾಗಾಗಿ ಸಿಗುತ್ತಿದ್ದುದು ಈಶಪ್ಪನ ಚಪ್ಪಲಿಯೇ. ಅವನೇನೋ ತನಗೆಂದೇ ಕೊಂಡು ತಂದಿದ್ದ. ತಿಂಗಳೊಪ್ಪತ್ತಿನಲ್ಲಿ ಅದು ವಠಾರದ ಆಸ್ತಿಯಾಗಿ, ಕೊಂಡವನೇ ಬರಿಗಾಲಲ್ಲಿ ನಿಂತು ತನ್ನ ಪಾಳಿಗೆ ಕಾಯುವಂತಾಯಿತು. ನನ್ನ ಚಪ್ಪಲಿ ಯಾವ ದೇಶಕ್ಕೆ ಹೋಗಿವೆಯಪ್ಪಾ ಎಂದು ಅವನು ಕೂಗಿದರೆ ಒಳಗಿದ್ದವರು ಅಲ್ಲಿಂದಲೇ ನಗುತ್ತಿದ್ದರು.

ವಠಾರದ ಹಿಂದೆ ಒಂದು ಗುಜರಿ ಗೋಡೌನು. ಒಂದು ರಾತ್ರಿ ಯಾರೋ ಅಲ್ಲಿಯ ವಾಚ್‌ಮನ್‌ನ ತಲೆಗೆ ಹೊಡೆದು ಕೊಂದರು. ಯಾರೆಂಬುದು ಇವತ್ತಿಗೂ ಆ ಕೊಂದವನಿಗಷ್ಟೇ ಗೊತ್ತು. ನೀರಿನ ಟ್ಯಾಂಕರ್ ಸೋರಿ ಗೋಡೌನಿನ ಬಾಗಿಲಲ್ಲಿ ಕೆಸರಾಗಿತ್ತು; ಕೆಸರಿನಲ್ಲಿ ಚಪ್ಪಲಿಯ ಗುರುತು ಮೂಡಿತ್ತು. ಬೆಳಗ್ಗೆ ಪೊಲೀಸರು ಬಂದಾಗ ಕೆಸರು ಮೆತ್ತಿದ ಅದೇ ಚಪ್ಪಲಿ ಈಶಪ್ಪನ ಬಾಗಿಲ ಮುಂದೆ ಬಿದ್ದಿತ್ತು. ಇದು ಯಾರದು ಎಂದು ಕೇಳಿದರು. ಹೆಂಡತಿಯ ಪಕ್ಕದಿಂದ ಎದ್ದು ಬಂದ ಈಶಪ್ಪ, ಪಾಪ, ‘ನಂದ ರೀ ಸಾರ್’ ಅಂದ. ಸುತ್ತ ನಿಂತವರು ಯಾರೂ ತುಟಿ ಬಿಚ್ಚಲಿಲ್ಲ. ಸವಿತಾಳೂ ಬಿಚ್ಚಲಿಲ್ಲ, ಚಪ್ಪಲಿ ತನ್ನದು ಅನ್ನುವುದೂ ಒಂದು ಅಪರಾಧವೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ವಿಚಾರಣೆಯಲ್ಲಿ ಪ್ರಯೋಗಾಲಯದ ತಜ್ಞರು ಬಂದು ಸಾಕ್ಷಿ ಹೇಳಿದರು. ಅಳತೆಗೆ ತಪ್ಪದ ಮನುಷ್ಯ, ದುಡುಕಿ ಮಾತಾಡುವವರಲ್ಲ. ಕೆಸರಿನ ಗುರುತಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದಿದ್ದರು. ಪಿನ್ನಿನ ಗುರುತು, ರಬ್ಬರಿನ ಬಿರುಕು ಎಲ್ಲ ತಾಳೆಯಾಗುತ್ತವೆ, ಇದು ಇದೇ ಚಪ್ಪಲಿಯ ಗುರುತು ಅಂದರು. ಅದು ನಿಜವೇ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅವರು ಇನ್ನೊಂದು ಮಾತು ಸೇರಿಸಿದರು: ಚಪ್ಪಲಿಯ ಹಿಮ್ಮಡಿ ಒಳಬದಿಗೆ ಸವೆದಿದೆ, ಪ್ರತಿಯೊಬ್ಬನ ನಡಿಗೆಗೂ ಒಂದೊಂದು ಸವೆತ ಇರುತ್ತದೆ, ಆರೋಪಿಯೂ ಒಳಬದಿಗೇ ಭಾರ ಹಾಕಿ ನಡೆಯುತ್ತಾನೆ, ಆದ್ದರಿಂದ ಇದನ್ನು ಮೆಟ್ಟಿ ನಡೆದವನು ಆರೋಪಿಯೇ. ಅಷ್ಟೂ ಜನ ಸೇರಿ ಸವೆಸಿದ ಚಪ್ಪಲಿ ಒಬ್ಬನ ತಲೆಗೆ ಬಂತು. ತಜ್ಞರ ಮನೆಯಲ್ಲಿ ಒಂದು ಚಪ್ಪಲಿಗೆ ಒಬ್ಬನೇ ಒಡೆಯ ಇದ್ದಿರಬೇಕು. ಕಕ್ಕಸಿಗೆ ಸಾಲು ನಿಲ್ಲುವ ಜನರ ವಿಚಾರ ಅವರ ವಿಜ್ಞಾನದಲ್ಲಿ ಬರೆದಿರಲಿಲ್ಲ. ಕಸ ಸುರಿಯುವ ವಿಷಯಕ್ಕೆ ಈಶಪ್ಪನಿಗೂ ವಾಚ್‌ಮನ್‌ಗೂ ಹಿಂದೊಮ್ಮೆ ಜಗಳವಾಗಿದ್ದೂ ಹೊರಬಿತ್ತು. ಆ ರಾತ್ರಿ ಗಂಡ ನನ್ನ ಪಕ್ಕದಲ್ಲೇ ಮಲಗಿದ್ದ ಎಂದು ಸವಿತಾ ಹೇಳಿದಳು. ಗಂಡನನ್ನು ಉಳಿಸಿಕೊಳ್ಳಲು ಹೆಂಡತಿ ಹೇಳುವ ಮಾತಿದು, ನಂಬಲಾಗದು ಎಂದು ತೀರ್ಪಿನಲ್ಲಿ ಬಂತು.

ಹೈಕೋರ್ಟಿನ ಮೇಲ್ಮನವಿಗೆ ಸರ್ಕಾರದ ಕಾನೂನು ನೆರವಿನಿಂದ ಸಿಕ್ಕ ವಕೀಲೆ ಶೋಭಾರಾಣಿ. ಅಲ್ಲಿಯವರೆಗೆ ಒಂದು ಪ್ರಶ್ನೆಯನ್ನು ಪೊಲೀಸರೂ ಕೇಳಿರಲಿಲ್ಲ, ಹಳೆಯ ವಕೀಲರೂ ಕೇಳಿರಲಿಲ್ಲ. ಈ ಹೆಂಗಸು ಕೇಳಿದಳು: ಆ ಚಪ್ಪಲಿಯನ್ನು ಬೇರೆ ಯಾರಾದರೂ ಹಾಕಿಕೊಳ್ಳುತ್ತಿದ್ದರೇ? ಸವಿತಾಳಿಗೆ ಮೊದಲು ನಗು ಬಂತು, ಆಮೇಲೆ ಅಳು.

‘ಯಾರು ಹಾಕ್ಕೊಂತಿದ್ದಿಲ್ಲ ಅಂತ ಕೇಳ್ರಿ ಮೇಡಂ.’

ಹಾಗಾದರೆ ಆಗ ವಠಾರದಲ್ಲಿದ್ದ ಒಬ್ಬರನ್ನು ಕರೆತನ್ನಿ ಎಂದಳು ಶೋಭಾರಾಣಿ. ನಾನೂ ಆ ಚಪ್ಪಲಿ ಮೆಟ್ಟುತ್ತಿದ್ದೆ ಎಂದು ಪ್ರಮಾಣ ಮಾಡಿ ಬರೆದುಕೊಟ್ಟರೆ, ಹೊಸ ಸಾಕ್ಷಿ ತೆಗೆದುಕೊಳ್ಳಿ ಎಂದು ಕೋರ್ಟನ್ನು ಕೇಳಬಹುದು. ಒಬ್ಬರೇ ಸಾಕು, ಆದರೆ ಆರೋಪಿಯ ಹೆಂಡತಿಯಾಗಬಾರದು. ಒಬ್ಬರೇ ತಾನೇ ಎಂದುಕೊಂಡು ಸವಿತಾ ಹಗುರವಾಗಿ ಮೆಟ್ಟಿಲಿಳಿದಳು.

ಆಗಿನವರು ಬಹಳ ಮಂದಿ ಖಾಲಿ ಮಾಡಿಕೊಂಡು ಹೋಗಿದ್ದರು. ಉಳಿದಿದ್ದವರು ಪಕ್ಕದ ಕೋಣೆಯ ಪರಮಾನಂದ ಮತ್ತು ಅವನ ಹೆಂಡತಿ ಮಹಾನಂದಾ. ಈಶಪ್ಪನ ಊರಿನವನೇ ಪರಮಾನಂದ. ಅವನನ್ನು ಕರೆತಂದು ಕೆಲಸಕ್ಕೆ ಹಚ್ಚಿದ್ದೇ ಈಶಪ್ಪ. ಸವಿತಾ ಹೇಳಿದ್ದನ್ನೆಲ್ಲ ಅವನು ತಲೆ ತಗ್ಗಿಸಿ ಕೇಳಿದ. ಆಮೇಲೆ ಬಹಳ ಮೆಲ್ಲಗೆ, ‘ಯಕ್ಕಾ, ನಾನೂ ಹಾಕ್ಕೊಂತಿದ್ದೆ ಅಂದ್ರ, ಆ ರಾತ್ರಿ ನೀನ ಹಾಕ್ಕೊಂಡಿದ್ದಿಯೇನು ಅಂತ ಕೇಳ್ತಾರ. ಇಲ್ಲ ಅನ್ನಾಕ ನನ್ನ ಹತ್ರ ಏನೈತಿ?’ ಅಂದ. ಅವನು ಬೇಡ, ನೀನಾದರೂ ಹೇಳು, ಹೆಂಗಸಿನ ಮೇಲೆ ಯಾರು ಸಂಶಯಪಡುತ್ತಾರೆ ಎಂದು ಸವಿತಾ ಮಹಾನಂದಾಳ ಕೈ ಹಿಡಿದಳು. ನನ್ನ ಬಾಯಿಂದ ಚಪ್ಪಲಿಯ ಮಾತು ಬಂದರೆ ಮುಂದಿನ ಮಾತು ಇವರ ಕಾಲಿನದೇ ಎಂದು ಮಹಾನಂದಾ ಕೈ ಬಿಡಿಸಿಕೊಂಡು, ಮಗುವನ್ನು ಮಡಿಲಿಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ಇನ್ನುಳಿದವಳು ಮನೆಯೊಡತಿ ಅಶ್ವತ್ಥಮ್ಮ. ನೀರಿನ ಮೋಟರಿನ ಸ್ವಿಚ್ಚು ಇರುವುದು ಕಕ್ಕಸಿನ ಗೋಡೆಗೆ. ಬೆಳಗ್ಗೆ ಮೋಟರು ಹಾಕಲು ಇಳಿದು ಬಂದವಳು ರೊಚ್ಚೆ ದಾಟಲು ಸೀರೆ ಎತ್ತಿಕೊಂಡು ಈಶಪ್ಪನ ಚಪ್ಪಲಿಗೇ ಕಾಲು ತೂರಿಸುತ್ತಿದ್ದುದನ್ನು ಸವಿತಾ ಕಣ್ಣಾರೆ ಕಂಡಿದ್ದಳು. ವಯಸ್ಸಾದ ಹೆಂಗಸು, ಊರಿನ ಹಳೆಯ ಮನೆತನ, ಇವಳ ಮೇಲೆ ಯಾವ ಪೊಲೀಸನೂ ಅನುಮಾನಪಡುವುದಿಲ್ಲ. ಸವಿತಾ ಮಹಡಿ ಹತ್ತಿ ಹೋದಾಗ ಅಶ್ವತ್ಥಮ್ಮ ಎಂದೂ ಇಲ್ಲದವಳು ಕೂರಿಸಿ ಕಾಫಿ ಕೊಟ್ಟಳು. ವಿಷಯ ಕೇಳಿದ ಮೇಲೆ ಮುಖ ಗಂಟಾಯಿತು. ಬಾಡಿಗೆಯವರ ಕಕ್ಕಸಿನ ಚಪ್ಪಲಿ ಮೆಟ್ಟಿದ್ದೆ ಎಂದು ತಾನು ನಾಲ್ಕು ಜನರ ಮುಂದೆ ಹೇಳಿದರೆ ನೆಂಟರಿಷ್ಟರು ಏನಂದಾರು ಎಂದಳು. ಸವಿತಾ ಕಾಲು ಹಿಡಿದಳು. ಹಿಡಿದ ಕೈಯನ್ನು ಅಶ್ವತ್ಥಮ್ಮ ಬಿಡಿಸಿದಳು.

‘ನೋಡಮ್ಮ, ನಂಗೂ ಮಗ ಅವ್ನೆ. ದೇವರಾಜನೂ ಮೋಟ್ರು ಆಕಕ್ಕೆ ಅಲ್ಲಿಗೇ ಬತ್ತಿದ್ದ. ಅವ್ನು ಆ ಚಪ್ಲಿ ಮೆಟ್ತಿದ್ನೋ ಇಲ್ವೋ ನಂಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ.’

ಸವಿತಾ ಮೆಟ್ಟಿಲಿಳಿದಳು. ಮನೆಗೊಬ್ಬ ಗಂಡಸಿದ್ದಾನೆ, ಮನೆಗೊಂದು ಬಾಯಿಗೆ ಬೀಗ ಬಿದ್ದಿದೆ. ಯಾರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು.

ಜೈಲಿನ ಭೇಟಿಯ ದಿನ ಗಂಡನ ಮುಂದೆ ಎಲ್ಲರನ್ನೂ ಬೈದಳು. ಈಶಪ್ಪ ಅರ್ಧ ಮನುಷ್ಯನಾಗಿದ್ದ. ಮಾತಾಡುವಾಗ ಕಣ್ಣು ಎಲ್ಲೋ ಇರುತ್ತಿತ್ತು. ಅವಳು ಬೈದು ಮುಗಿಸುವವರೆಗೆ ಕಾದು, ‘ಅವರನ್ಯಾಕ ಬೈತಿ? ಪರಮಾನಂದನ್ನ ಹಿಡಕೊಂಡು ಹೋಗಿದ್ರ ನಾನೂ ಬಾಯಿ ಬಿಡ್ತಿದ್ದಿಲ್ಲ. ನೀನೂ ಬಿಡಗೊಡ್ತಿದ್ದಿಲ್ಲ’ ಅಂದ. ಇನ್ನು ನನ್ನ ಆಸೆ ಬಿಡು, ಊರಿಗೆ ಹೋಗಿ ತವರಲ್ಲಿರು ಎಂದೂ ಹೇಳಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸವಿತಾಳಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು. ಅವನು ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದಕ್ಕೇ ಸಿಟ್ಟು. ಈ ಮನುಷ್ಯ ಒಳಗೇ ಸತ್ತುಹೋಗುತ್ತಾನೆ ಎಂದು ಅವಳಿಗೆ ಅವತ್ತು ಖಾತ್ರಿಯಾಯಿತು.

ಬಸ್ಸಿಳಿದವಳು ನೇರ ಚಪ್ಪಲಿ ಅಂಗಡಿಗೆ ಹೋದಳು. ಅದೇ ಬಣ್ಣದ, ಅದೇ ಅಳತೆಯ ಹವಾಯಿ ಚಪ್ಪಲಿ ತಂದು ಬಾಗಿಲ ಮುಂದೆ ಬಿಟ್ಟಳು. ಬೆಳಗಾಗುವ ಮೊದಲೇ ಎದ್ದು ಬಾಗಿಲ ಪರದೆಯ ಹಿಂದೆ, ನೆಲಕ್ಕೆ ಸಮನಾಗಿ, ಮೊಬೈಲು ಆನಿಸಿಟ್ಟಳು. ಯಾರ ಮುಖವೂ ಬರಬಾರದು, ಬರೀ ಕಾಲು ಬಂದರೆ ಸಾಕು, ಕಾಲಿಗೇನು ಹೆಸರಿರುತ್ತದೆಯೇ? ಯಾರಿಗೂ ತೊಂದರೆಯಾಗದಂತೆ ಗಂಡನನ್ನು ಬಿಡಿಸಿಕೊಳ್ಳುವ ದಾರಿ ಇದೊಂದೇ ಎಂದು ಅವಳು ನಂಬಿದ್ದಳು.

ಹಾಕಿದ ಲೆಕ್ಕ ತಪ್ಪಲಿಲ್ಲ. ಬಾಗಿಲುಗಳು ತೆರೆದುಕೊಂಡವು, ಕಾಲುಗಳು ಬಂದವು. ಒಡೆದ ಹಿಮ್ಮಡಿಯ ಕಾಲು, ಬಳಪದಂತೆ ಬಿಳಿಚಿದ ಕಾಲು, ಕಾಲುಂಗುರದ ಕಾಲು. ಯಾರೊಬ್ಬರೂ ಬಗ್ಗಿ ನೋಡಲಿಲ್ಲ, ಇದು ಯಾರದೆಂದು ಕೇಳಲಿಲ್ಲ. ಮೆಟ್ಟಿಕೊಂಡು ಹೋದರು, ತಂದು ಬಿಟ್ಟರು, ಮುಂದಿನವರು ಮೆಟ್ಟಿಕೊಂಡರು. ಒಂದು ಚಪ್ಪಲಿಗೆ ಇಡೀ ವಠಾರ.

ಶೋಭಾರಾಣಿ ವಿಡಿಯೊ ನೋಡಿ ಕುರ್ಚಿಯಲ್ಲಿ ನೆಟ್ಟಗಾದಳು. ನೋಡುತ್ತ ನೋಡುತ್ತ ಮತ್ತೆ ಸಪ್ಪಗಾದಳು. ಇವರೆಲ್ಲ ಈಗಿನವರು, ಈಗ ಹೀಗೆ ಮಾಡುತ್ತಾರೆಂದರೆ ಆಗಲೂ ಮಾಡುತ್ತಿದ್ದರೆಂದು ಕೋರ್ಟು ಒಪ್ಪಬೇಕಲ್ಲ; ಆಗ ಇದ್ದವರು ಇದರಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ವಿಡಿಯೊದಲ್ಲಿ ಬಂದ ಒಂದು ಎಡಗಾಲಿಗೆ ಕಿರುಬೆರಳಿರಲಿಲ್ಲ. ಕಾರ್ಖಾನೆಯ ಪ್ರೆಸ್ ಮಷೀನಿಗೆ ಪರಮಾನಂದನ ಆ ಕಾಲ್ಬೆರಳು ಹೋದ ದಿನ ಅವನನ್ನು ಆಸ್ಪತ್ರೆಗೆ ಹೊತ್ತದ್ದು ಈಶಪ್ಪ. ಮೊದಲ ಸಲ ವಿಡಿಯೊ ನೋಡಿದಾಗಲೇ ಅವಳಿಗೆ ಆ ಕಾಲು ಕಂಡಿತ್ತು. ಕಂಡೂ ಕಾಣದವಳಂತೆ ಇಲ್ಲಿಗೆ ತಂದಿದ್ದಳು. ವಕೀಲೆಯ ಕಣ್ಣಿಗೂ ಅದು ಬಿತ್ತು.

‘ಯೋಚ್ನೆ ಮಾಡಿ ಹೇಳಿ ಸವಿತಾ. ವಿಡಿಯೊ ಅರ್ಧ ಕಟ್ ಮಾಡಿ ಕೋರ್ಟಿಗೆ ಕೊಡೋಕಾಗಲ್ಲ. ಒಂದ್ಸಲ ಕೊಟ್ಮೇಲೆ ವಾಪಸ್ ತಗೊಳ್ಳೋಕೂ ಆಗಲ್ಲ.’

ಸಾಕ್ಷಿಗೆ ಕರೆಯುತ್ತಾರೆ, ಅಷ್ಟೇ ತಾನೇ ಎಂದು ಸವಿತಾ ತನಗೆ ತಾನೇ ಹೇಳಿಕೊಂಡಳು. ಹಾಗಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಿ ನಿಲ್ಲಲಿಲ್ಲ. ‘ನಮ್ಮ ಬಾಜೂ ಕ್ವಾಣಿಯಾಂವ ರೀ. ಆಗೂ ಇದ್ದ, ಈಗೂ ಅದಾನ. ಪರಮಾನಂದ ಅಂತ ಬರಕೋರಿ.’

ಅರ್ಜಿಯ ಪ್ರತಿ ಸರ್ಕಾರಿ ವಕೀಲರಿಗೆ ಹೋಯಿತು, ಅಲ್ಲಿಂದ ಠಾಣೆಗೆ ಬಂತು. ಒಂದು ಬೆಳಗ್ಗೆ ಪರಮಾನಂದ ಕಂಪನಿಗೆ ಹೊರಟು ನಿಂತಾಗ ಜೀಪು ಬಂದು ನಿಂತಿತು. ಎಎಸ್‌ಐ ಅವನ ಎಡಗಾಲಿನ ಶೂ, ಕಾಲುಚೀಲ ಬಿಚ್ಚಿಸಿ ನೋಡಿದರು. ಆ ಚಪ್ಪಲಿ ನೀನೂ ಹಾಕುತ್ತಿದ್ದೆಯಂತಲ್ಲ, ಅವತ್ತು ಯಾಕೆ ಹೇಳಲಿಲ್ಲ, ಬಾ ಸ್ಟೇಷನ್ನಿಗೆ ಎಂದರು. ಹಿಂದೆ ಈಶಪ್ಪನನ್ನು ಕರೆದೊಯ್ದಾಗ ನಿಂತಂತೆಯೇ ಜನ ಬಾಗಿಲುಗಳಲ್ಲಿ ನಿಂತರು. ಮಹಡಿಯ ಮೇಲೆ ಅಶ್ವತ್ಥಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸವಿತಾ ಓಡಿಬಂದು ಜೀಪಿಗೆ ಅಡ್ಡ ನಿಂತಳು. ಎಲ್ಲರೂ ಹಾಕುತ್ತಿದ್ದೆವು, ನಾನೂ ಹಾಕುತ್ತಿದ್ದೆ, ಇವನೊಬ್ಬನೇ ಅಲ್ಲ ಎಂದಳು. ಎಲ್ಲರೂ ಅಂದರೆ ಯಾರು, ಹೆಸರು ಹೇಳಮ್ಮ ಎಂದರು ಎಎಸ್‌ಐ. ಸವಿತಾ ಬಾಗಿಲುಗಳತ್ತ ತಿರುಗಿ ನೋಡಿದಳು. ಅವಳು ನೋಡಿದ ಕಡೆಯವರೆಲ್ಲ ಒಬ್ಬೊಬ್ಬರಾಗಿ ಒಳಗೆ ಸರಿದರು. ಒಂದು ಹೆಸರು ಹೇಳಿ ಏನಾಯಿತೆಂಬುದು ಕಣ್ಣೆದುರಿಗೇ ಇತ್ತು, ಇನ್ನೊಂದು ಹೆಸರು ಅವಳ ಬಾಯಿಗೆ ಬರಲಿಲ್ಲ. ನೀನು ಆ ಕೇಸಿನವನ ಹೆಂಡತಿ ಅಲ್ಲವಾ ಎಂದು ಎಎಸ್‌ಐ ಅವಳನ್ನು ಪಕ್ಕಕ್ಕೆ ಸರಿಸಿದರು. ಜೀಪು ಹೋಯಿತು.

ಮಹಾನಂದಾ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿರ ಬಂದಳು. ಹೊಡೆಯಲಿ, ಉಗುಳಲಿ ಎಂದು ಸವಿತಾ ಮುಖವೊಡ್ಡಿ ನಿಂತಳು. ಮಹಾನಂದಾ ಹೊಡೆಯಲಿಲ್ಲ.

‘ನಡಿ, ಎಲ್ಲಿಗಿ ಬರಬೇಕು ಹೇಳು. ಆ ಚಪ್ಲಿ ಎಲ್ಲಾರೂ ಹಾಕ್ಕೊಂತಿದ್ವಿ ಅಂತ ಹೇಳ್ತೀನಿ. ನಿನ್ನ ಗಂಡ, ನನ್ನ ಗಂಡ, ನಾನು, ಎಲ್ಲಾರೂ. ಪೊಲೀಸರ ಮುಂದನೂ ಹೇಳ್ತೀನಿ, ಜಡ್ಜ್ ಮುಂದನೂ ಹೇಳ್ತೀನಿ.’

ಇದೇ ಮಾತಿಗಾಗಿ ಸವಿತಾ ಕಂಡಕಂಡವರ ಕಾಲು ಹಿಡಿದಿದ್ದಳು. ನಿನ್ನೆ ಆಡಿದ್ದರೆ ಈ ಮಾತು ಈಶಪ್ಪನನ್ನು ಮನೆಗೆ ತರುತ್ತಿತ್ತೇನೋ. ಮಹಾನಂದಾ ಅವಳ ಭುಜ ಹಿಡಿದು ಅಲ್ಲಾಡಿಸಿದಳು.

‘ಯಾಕ ಸುಮ್ಮನದಿ? ನಾ ಹೇಳಿದ್ರ ನಂಬ್ತಾರಿಲ್ಲೋ?’

ಆರೋಪಿಯ ಹೆಂಡತಿಯ ಮಾತನ್ನು ಯಾರೂ ನಂಬುವುದಿಲ್ಲ ಎಂದು ಸವಿತಾ ಅವಳಿಗೆ ಹೇಳಲೇಬೇಕಾಯಿತು.