ಕೊರಳ ಸುತ್ತಿನ ನಾಲ್ಕು ಸಾಲು

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಗಾದೆ ಕಟ್ಟಿದವರು ಉಲ್ಲನ್ ಅಂಗಡಿಯ ಅಮ್ಮನನ್ನು ನೋಡಿರಲಿಲ್ಲ, ಅಷ್ಟೇ. ಆಕೆಗೆ ಮಗಳು ಅಂದರೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಗಳು ಹೆಣೆದ ಒಂದೇ ಒಂದು ಕುಣಿಕೆಯಾದರೂ ಆಕೆಗೆ ಯಾವತ್ತೂ ಮುದ್ದಾಗಿ ಕಂಡಿದ್ದಿಲ್ಲ.

ಅಂಗಡಿಯೇನು ಮಹಾ ದೊಡ್ಡದಲ್ಲ. ಇಬ್ಬರು ಗಿರಾಕಿಗಳು ಒಳಗಿದ್ದರೆ ಮೂರನೆಯವರು ಹೊರಗೆ ಕಾಯಬೇಕು. ಗೋಡೆಯುದ್ದಕ್ಕೂ ಮರದ ಗೂಡುಗಳು, ಗೂಡು ತುಂಬ ಉಲ್ಲನ್ ಉಂಡೆಗಳು, ಮುಂದೆ ಗಾಜಿನ ಕೌಂಟರ್, ಅದರ ಹಿಂದೆ ಆಕೆಯ ಕುರ್ಚಿ, ಕುರ್ಚಿಗೆ ತಾಗಿಕೊಂಡು ಮಗಳ ಪುಟ್ಟ ಸ್ಟೂಲು. ಮನೆ ಅಂದರೆ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆ. ಗಂಡ ಕಣ್ಣು ಮುಚ್ಚಿದ ಮೇಲೆ ಆ ಕುರ್ಚಿಯಲ್ಲಿ ಕೂತು, ಕ್ರೋಶಾ ಕಡ್ಡಿ ಹಿಡಿದೇ ಮಗಳನ್ನು ಸಾಕಿದಳು. ಮಕ್ಕಳ ಸ್ವೆಟರ್ ಅಂದರೆ ಆಕೆಯ ಕೈದೇ ಆಗಬೇಕು ಅಂತ ಜನ ಹುಡುಕಿಕೊಂಡು ಬರುತ್ತಿದ್ದರು. ಕೈ ಅಷ್ಟು ಬಿಗಿ. ಪಕ್ಕದಂಗಡಿಯ ವಾಚ್ ರಿಪೇರಿಯವನು, "ಅಮ್ಮಾವ್ರೇ, ನಿಮ್ಮ ಸ್ವೆಟರ್‌ನಲ್ಲಿ ನೀರು ತುಂಬಿಸಿಟ್ರೂ ಸೋರಲ್ಲ ಬಿಡಿ" ಅನ್ನುತ್ತಿದ್ದ. ಆಕೆ ಅದನ್ನು ಹೊಗಳಿಕೆ ಅಂತಲೇ ತಗೊಳ್ಳುತ್ತಿದ್ದಳು.

ಮಗಳ ಕೈ ಸಡಿಲ. ಎಲ್ಲರೂ ನೂಲನ್ನು ಕಿರುಬೆರಳಿಗೆ ಒಂದು ಸುತ್ತು ಸುತ್ತಿ ತೋರುಬೆರಳ ಮೇಲೆ ಹಾಯಿಸಿಕೊಂಡರೆ, ಈ ಹುಡುಗಿ ಸುತ್ತೂ ಇಲ್ಲ ಏನೂ ಇಲ್ಲ, ನಡುಬೆರಳ ಮೇಲೆ ಸುಮ್ಮನೆ ಬಿಟ್ಟುಕೊಳ್ಳುತ್ತಿದ್ದಳು. ಎಷ್ಟು ಬೈದರೂ ಅಷ್ಟೇ, ಬೆರಳ ಮೇಲೆ ಏಟು ಕೊಟ್ಟರೂ ಅಷ್ಟೇ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಅಮ್ಮ ಗೊಣಗುವಳು. ಗಿರಾಕಿಗಳ ಜೊತೆ ಮಾತಾಡುತ್ತಲೇ ಪಕ್ಕಕ್ಕೆ ಕೈ ಚಾಚಿ, ಮಗಳ ಮಡಿಲಿನಿಂದ ಹೆಣಿಗೆ ಎತ್ತಿಕೊಂಡು, ನೋಡುವುದೂ ಇಲ್ಲ, ಹೆಬ್ಬೆರಳಲ್ಲಿ ಒಮ್ಮೆ ಸವರಿ, ಸಡಿಲ ಅನ್ನಿಸಿತೋ, ಕಡ್ಡಿ ಕಿತ್ತು ತುದಿ ಹಿಡಿದು ಎಳೆದುಬಿಡುವಳು. ಕ್ರೋಶಾದ ಹಣೆಬರಹವೇ ಅದು. ಹಾಕುವುದಕ್ಕೆ ಒಂದು ಸಂಜೆ, ಬಿಚ್ಚುವುದಕ್ಕೆ ಒಂದು ಉಸಿರು. "ಮತ್ತೆ ಹಾಕು. ಬಿಗಿಯಾಗಿ" ಅಂತ ಸುಕ್ಕುಸುಕ್ಕಾದ ನೂಲನ್ನು ಮಗಳ ಮಡಿಲಿಗೇ ಹಾಕುವಳು.

ಮಗಳು ಅತ್ತವಳಲ್ಲ. ಬಾಯಿ ಮಾತ್ರ ಜೋರಿತ್ತು. "ಅಮ್ಮ, ನಿನ್ನ ಸ್ವೆಟರ್ ಹಾಕ್ಕೊಂಡ್ರೆ ಉಸಿರಾಡೋಕೂ ನಿನ್ನ ಅಪ್ಪಣೆ ಕೇಳ್ಬೇಕು" ಅಂತ ಒಮ್ಮೆ ಅಂದಳು. ಇಬ್ಬರೂ ನಕ್ಕರು. ನಗುತ್ತಲೇ ಅಮ್ಮ ಅವತ್ತಿನದನ್ನೂ ಬಿಚ್ಚಿದಳು.

ದೊಡ್ಡವಳಾಗಿ ಅವಳು ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಟಕಿಯಲ್ಲಿ ಕೆಲಸಕ್ಕೆ ಸೇರಿದಳು, ಲಿಫ್ಟ್ ರಿಪೇರಿ ಮಾಡುವ ಹುಡುಗನನ್ನು ಮೆಚ್ಚಿ ಮದುವೆಯಾದಳು, ಬಸುರಿಯಾದಳು. ಮಗುವಿಗೆ ಸ್ವೆಟರ್ ತಾನೇ ಹಾಕುತ್ತೇನೆ ಅಂತ ಹಠ ಹಿಡಿದಳು. ಅಂಗಡಿಯಿಂದ ಹಳದಿ ಉಂಡೆಗಳನ್ನು ಆರಿಸಿ ಒಯ್ದವಳು, ಅದರಲ್ಲಿ ಏನಾಗುತ್ತಿದೆ ಅಂತ ಅಮ್ಮನಿಗೆ ತೋರಿಸಲೇ ಇಲ್ಲ.

"ಒಂದ್ಸಲ ತಾರೇ, ನೋಡ್ಕೊಡ್ತೀನಿ."

"ನಿನಗೆ ತೋರ್ಸಿದ್ರೆ ಬಿಚ್ಚಿಬಿಡ್ತೀಯ. ಮಗೂಗೆ ಹಾಕಿದ ಮೇಲೆ ನೋಡು. ಮಗು ಮೈಮೇಲಿಂದ ಹೇಗೆ ಬಿಚ್ತೀಯೋ ನೋಡೋಣ."

ಹೆಣ್ಣು ಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ಬೆಳಗಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇದಕ್ಕಿಂತ ಹೆಚ್ಚು ಹೇಳುವುದಕ್ಕೆ ನನಗೂ ಬಾಯಿ ಬರುವುದಿಲ್ಲ. ಅಂಗಡಿಯ ಅಮ್ಮ ಹಾಸಿಗೆ ಹಿಡಿದಳು. ತನಗೇ ಒಂದು ಲೋಟ ನೀರು ಎತ್ತಿಕೊಳ್ಳಲಾರದವಳ ಕೈಗೆ ಹಸುಗೂಸನ್ನು ಯಾರು ಕೊಡುತ್ತಾರೆ? ಅಳಿಯನ ಅಕ್ಕ, ಬೇಕರಿಯಲ್ಲಿ ದುಡಿಯುವ ಹೆಂಗಸು, ಬಂದು ಮಗುವನ್ನು ತನ್ನ ಮನೆಗೆ ಎತ್ತಿಕೊಂಡು ಹೋದಳು.

ಮೂರು ತಿಂಗಳಾದ ಮೇಲೆ ಅಳಿಯ ಅಂಗಡಿಗೆ ಬಂದ. ಗಡ್ಡ ಬೆಳೆದಿತ್ತು. ದೂರದ ಊರಲ್ಲಿ ಕೆಲಸ ಸಿಕ್ಕಿದೆ, ಅಕ್ಕನೂ ಜೊತೆಗೆ ಬರುತ್ತಾಳೆ, ಮಗುವನ್ನು ಅವಳೇ ನೋಡಿಕೊಳ್ಳುತ್ತಾಳೆ ಅಂದ. ಕೌಂಟರ್ ಮೇಲೆ ಒಂದು ಬಟ್ಟೆಯ ಚೀಲ ಇಟ್ಟ. ಒಳಗೆ ಹಳದಿ ಸ್ವೆಟರ್. ಕೊರಳಿನಿಂದ ಶುರುವಾಗಿ ಎದೆ ದಾಟಿ ಹೊಟ್ಟೆಯವರೆಗೆ ಬಂದು ನಿಂತಿತ್ತು, ಕಡೆಯ ಕುಣಿಕೆಯಲ್ಲಿ ಕಡ್ಡಿ ಸಿಕ್ಕಿಸಿದ ಹಾಗೇ ಇತ್ತು.

"ಅತ್ತೆ, ಇದನ್ನ ಪೂರ್ತಿ ಮಾಡಿಕೊಡ್ತೀರಾ? ಭಾನುವಾರ ಅಕ್ಕ ಮಗೂನ ಕರ್ಕೊಂಡು ಇಲ್ಲಿಗೇ ಬರ್ತಾಳೆ, ಹಾಗೇ ರೈಲಿಗೆ ಹೊರಡ್ತೀವಿ. ಅವಳಮ್ಮನ ಕೈದು ಅಂತ ಮಗೂಗೆ ಇರೋದು ಇದೊಂದೇ."

ಆಕೆ ಆಗಲಿ ಅಂದಳು. ಚೀಲವನ್ನು ಕೌಂಟರಿನ ಒಳಗಡೆ, ಸ್ಟೂಲಿನ ಮೇಲೆ ಇಟ್ಟಳು. ಅವತ್ತು ಅದನ್ನು ನೋಡುವುದಕ್ಕೇ ಧೈರ್ಯ ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ ಹೊರತೆಗೆದು ಮಡಿಲಲ್ಲಿ ಹರಡಿಕೊಂಡಳು. ಅಷ್ಟರಲ್ಲಿ ಗಿರಾಕಿ ಹೆಂಗಸೊಬ್ಬಳು ಬಂದು, ಸ್ಕೂಲ್ ಸ್ವೆಟರಿನ ಬಣ್ಣ ಸರಿಯಿಲ್ಲ, ಹಾಗೆ ಹೀಗೆ ಅಂತ ತಗಾದೆ ತೆಗೆದಳು. ಹೇಳಿದ ಬಣ್ಣವನ್ನೇ ಹಾಕಿದ್ದೇನಲ್ಲಮ್ಮ ಅಂತ ಆಕೆ. ಇಲ್ಲ ಅಂತ ಗಿರಾಕಿ. ಮಾತಿಗೆ ಮಾತು ಬೆಳೆಯಿತು. ಬಾಯಿ ಅಲ್ಲಿ ಜಗಳವಾಡುತ್ತಿತ್ತು, ಕೈ ಇಲ್ಲಿ ತನ್ನ ಪಾಡಿಗೆ ಮಡಿಲನ್ನು ಸವರಿತು. ಸಡಿಲ. ಇಷ್ಟು ವರ್ಷದ ಅಭ್ಯಾಸ ಹೇಳಿಕೇಳಿ ಬರುತ್ತದೆಯೇ? ಬೆರಳು ಕಡ್ಡಿ ಕಿತ್ತಿತು, ತುದಿ ಹಿಡಿಯಿತು, ಎಳೆಯಿತು. ಸರಸರ ಸರಸರ ಅಂತ ಹೊಟ್ಟೆ ಹೋಯಿತು, ಎದೆ ಹೋಯಿತು.

ಕೈ ತಡೆದು ನಿಂತದ್ದು ಒಂದು ಗಂಟಿಗೆ. ಮೊದಲು ಹಿಡಿದ ಚಿಕ್ಕ ಉಂಡೆ ಮುಗಿದು ಎರಡನೇದನ್ನು ಸೇರಿಸುವಾಗ ಮಗಳು ಹಾಕಿದ್ದ ಗಂಟು. ಗಂಟು ಹಾಕಬೇಡ, ಎರಡು ನೂಲನ್ನೂ ಜೊತೆಗಿಟ್ಟು ಹೆಣೆದು ಸೇರಿಸು ಅಂತ ಎಷ್ಟು ಸಲ ಬೈದಿದ್ದಳೋ. ಆಕೆ ಕೆಳಗೆ ನೋಡಿದಳು. ಕೊರಳ ಸುತ್ತಿನ ನಾಲ್ಕು ಸಾಲು ಉಳಿದಿತ್ತು. ಮಡಿಲ ತುಂಬ ಸುಕ್ಕುಸುಕ್ಕಾದ ಹಳದಿ ನೂಲು.

ಗಿರಾಕಿ ಏನೋ ಹೇಳುತ್ತಲೇ ಇದ್ದಳು. ಆಕೆಯ ಮುಖ ನೋಡಿ ಹೆದರಿ, ತನ್ನ ಸ್ವೆಟರ್ ಎತ್ತಿಕೊಂಡು ಹೊರಟೇಹೋದಳು. ಗಲಾಟೆ ಕೇಳಿ ಎದ್ದು ಬಂದ ವಾಚ್ ರಿಪೇರಿಯವನು ಬಾಗಿಲಲ್ಲೇ ನಿಂತ.

"ಏನಾಯ್ತು ಅಮ್ಮಾವ್ರೇ?"

"ಅವಳು ಇಟ್ಟುಹೋಗಿದ್ದೇ ಇಷ್ಟು. ಅದನ್ನೂ ನಾನು ಬಿಡ್ಲಿಲ್ಲ."

ಯಾವುದಕ್ಕೂ ಒಂದು ತಮಾಷೆ ಇಟ್ಟುಕೊಂಡಿರುತ್ತಿದ್ದ ಮನುಷ್ಯ ಅವನು. ಅವತ್ತು ಆಕೆಯ ಮಡಿಲಲ್ಲಿದ್ದ ನೂಲನ್ನೇ ನೋಡಿದ. ಕಡೆಗೆ, "ನೂಲು ಇದೆಯಲ್ಲ. ಮತ್ತೆ ಹಾಕಿದ್ರಾಯ್ತು" ಅಂದ.

"ನೂಲು ಇದೆ ರೀ. ಆ ಕೈ ಎಲ್ಲಿಂದ ತರ್ಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆ ಸ್ಟೂಲಿನ ಮೇಲೆ ತಲೆಯಿಟ್ಟು ಅತ್ತಳು. ಮಗಳು ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು, ಯಾಕೆಂದರೆ ಅವತ್ತು ಬೈಯುವುದಕ್ಕೆ ದೇವರಿದ್ದ, ಡಾಕ್ಟರಿದ್ದರು. ಇವತ್ತು ತಾನೊಬ್ಬಳೇ.

ಅತ್ತು ಮುಗಿದ ಮೇಲೆ ಕಡ್ಡಿ ಹಿಡಿದಳು. ಬೇರೆ ದಾರಿ ಏನಿತ್ತು? ಬಿಚ್ಚಿದ ನೂಲನ್ನು ನೀರಲ್ಲಿ ಅದ್ದಿ ನೇತುಹಾಕಿ, ಸುಕ್ಕು ಬಿಟ್ಟ ಮೇಲೆ ಹೆಣೆಯಬೇಕು, ಅದು ಪದ್ಧತಿ. ಆಕೆಗೆ ಮನಸ್ಸು ಬರಲಿಲ್ಲ. ಆ ಒಂದೊಂದು ಸುಕ್ಕೂ ಮಗಳು ಹಾಕಿದ್ದ ಒಂದೊಂದು ಕುಣಿಕೆ. ಬಿಗಿ ಕೈಯವರು ದಪ್ಪ ಕಡ್ಡಿ ಹಿಡಿಯಬೇಕು ಅಂತ ಬಂದವರಿಗೆಲ್ಲ ಬುದ್ಧಿ ಹೇಳುವವಳು ಮಗಳ ತೆಳು ಕಡ್ಡಿಯನ್ನೇ ಹಿಡಿದಳು. ಮಗಳ ಲೆಕ್ಕಕ್ಕಿಂತ ಒಂದು ಕುಣಿಕೆ ಹೆಚ್ಚು ಹಾಕಲಿಲ್ಲ. ಅವಳ ಸ್ವೆಟರಿಗೆ ತನ್ನದೊಂದನ್ನು ಸೇರಿಸುವುದೇ? ಕೂಡದು. ನೂಲನ್ನು ನಡುಬೆರಳ ಮೇಲೆ ಬಿಟ್ಟುಕೊಂಡೂ ನೋಡಿದಳು. ನಾಲ್ಕು ಕುಣಿಕೆ ಸಡಿಲವಾಗಿ ಬರುವುದು, ಮನಸ್ಸು ಎತ್ತಲೋ ಹೋಗುವುದು, ಅಷ್ಟರಲ್ಲಿ ನೂಲು ತಾನಾಗಿ ಕಿರುಬೆರಳಿಗೆ ಸುತ್ತಿಕೊಂಡಿರುವುದು. ಬಿಚ್ಚಿ ಹಾಕಿದಳು, ಹಾಕಿ ಬಿಚ್ಚಿದಳು. ಶನಿವಾರ ಸಂಜೆಗೆ ಮೈಯೂ ತೋಳುಗಳೂ ಮುಗಿದವು. ಕೊರಳು ಒಂದು ಕೈ, ಉಳಿದದ್ದು ಇನ್ನೊಂದು ಕೈ. ಕುರುಡನಿಗೂ ಗೊತ್ತಾಗುವಂತಿತ್ತು.

ಭಾನುವಾರ ಅವರು ಬಂದರು. ಅಕ್ಕ ಎತ್ತರದ ಹೆಂಗಸು, ಬೇಕರಿಯ ಒಲೆಯಿಂದ ಮುಂಗೈ ಮೇಲೆ ಸುಟ್ಟ ಗೆರೆಗಳು. ಮಗುವನ್ನು ಅಜ್ಜಿಯ ಮಡಿಲಿಗೆ ಕೊಟ್ಟಳು. ಅದೇ ಹಣೆ, ಅದೇ ಮೇಲ್ತುಟಿ. ಆಕೆ ಕಣ್ತುಂಬ ನೋಡಿದಳು. ಮಗು ಗೂಡುಗಳಲ್ಲಿದ್ದ ಬಣ್ಣಗಳನ್ನು ನೋಡುತ್ತಿತ್ತು.

"ಹಾಕಿ ನೋಡಿ ಅತ್ತೆ" ಅಂದ ಅಳಿಯ.

ಸ್ವೆಟರಿನ ಕೊರಳು ತಲೆಯನ್ನು ಸವರಿಕೊಂಡು ಇಳಿಯಿತು. ಆಕೆಯ ಸ್ವೆಟರುಗಳಲ್ಲಿ ಮಕ್ಕಳು ಅಳುವುದೇ ಅಲ್ಲಿ, ತಲೆ ತೂರಿಸುವಾಗ, ಮೂಗು ಸಿಕ್ಕಿಕೊಂಡು. ಈ ಮಗು ರೆಪ್ಪೆ ಕೂಡ ಬಡಿಯಲಿಲ್ಲ. ಇದಕ್ಕೇ ಸಡಿಲವಾಗಿ ಹಾಕಿದ್ದಳೇ ನನ್ನ ಮಗಳು ಅಂತ ಆಕೆಗೆ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇದಕ್ಕೇ. ಕೊರಳು ದಾಟಿದ ಮೇಲೆ ಸ್ವೆಟರ್ ಎದೆಗೆ ಕಚ್ಚಿಕೊಂಡಿತು. ಕೆಳಗೂ ಇಳಿಯದು, ಮೇಲೂ ಬಾರದು. ತೋಳಿಗೆ ಕೈ ತೂರಿಸಲು ಹೋದರೆ ಮಗು ಮುಖ ಕೆಂಪಗೆ ಮಾಡಿಕೊಂಡು ಚೀರಿತು.

ಅಳಿಯ ಬಗ್ಗಿ ನೋಡಿದ. "ನಾನು ನೋಡ್ದಾಗ ಇಷ್ಟು ಬಿಗಿ ಇರ್ಲಿಲ್ವಲ್ಲ ಅತ್ತೆ."

ಸುಳ್ಳು ಹೇಳಬಹುದಿತ್ತು. ಮಗು ಬೆಳೆದಿದೆ ಅಂದರೆ ಮುಗಿಯುತ್ತಿತ್ತು. "ಕೊರಳು ಮಾತ್ರ ಅವಳದು" ಅಂದಳು. "ಉಳಿದಿದ್ದು ನನ್ನದು. ಅವಳು ಹಾಕಿದ್ದನ್ನ ನಾನು ಬಿಚ್ಚಿಬಿಟ್ಟೆ. ಕೈ ತಡೀಲಿಲ್ಲ."

ಅವನು ಸ್ವೆಟರಿನ ಕೊರಳನ್ನು ಬೆರಳಲ್ಲಿ ಮುಟ್ಟಿದ. ಆಮೇಲೆ ಸಣ್ಣ ದನಿಯಲ್ಲಿ, "ಅಮ್ಮನಿಗೆ ತೋರಿಸ್ಬೇಡಿ, ಬಿಚ್ಚಿಬಿಡ್ತಾಳೆ ಅಂತ ಅವಳು ನನಗೆ ಹೇಳಿದ್ಲು. ನಾನೇ ತಂದುಕೊಟ್ಟೆ" ಅಂದ. ಬಾಗಿಲು ತೆಗೆದು ಹೊರಗೆ ಹೋಗಿ, ಬೀದಿಯ ಕಡೆ ಮುಖ ಮಾಡಿ ನಿಂತ.

ಮಗು ಇನ್ನೂ ಚೀರುತ್ತಿತ್ತು. ಆಕೆ ಕತ್ತರಿಯಿಂದ ಎರಡೂ ತೋಳುಗಳ ನೂಲು ಕತ್ತರಿಸಿ ಎಳೆದುಹಾಕಿದಳು. ಆಮೇಲೆ ಕೆಳಗಿನ ಅಂಚಿನ ತುದಿ ಹುಡುಕಿ, ಮಗುವಿನ ಮೈಮೇಲಿಂದಲೇ, ಸಾಲು ಸಾಲಾಗಿ ತನ್ನ ಕೆಲಸವನ್ನು ಬಿಚ್ಚತೊಡಗಿದಳು. ಜೀವಮಾನದಲ್ಲಿ ತಾನು ಮುಗಿಸಿದ್ದನ್ನು ತಾನೇ ಬಿಚ್ಚಿದ್ದು ಅದೇ ಮೊದಲು. ಎದೆಯ ಮೇಲಿನ ಬಿಗಿ ಸಡಿಲವಾಗುತ್ತಿದ್ದಂತೆ ಮಗುವಿನ ಅಳು ಇಳಿಯಿತು. ನೂಲು ಹರಿದಾಡಿ ಕಚಗುಳಿಯಾಯಿತೋ ಏನೋ, ಕಾಲು ಆಡಿಸಿತು. ಗಂಟಿನ ಹತ್ತಿರ ಬಂದದ್ದೇ ಆಕೆ ಕೈ ನಿಲ್ಲಿಸಿದಳು. ನೂಲು ಕತ್ತರಿಸಿ, ಮಗಳು ಹಾಕಿದ್ದ ಗಂಟಿನ ಪಕ್ಕದಲ್ಲಿ ತಾನೂ ಒಂದು ಗಂಟು ಹಾಕಿದಳು. ಮಗುವಿನ ಕೊರಳಲ್ಲಿ ನಾಲ್ಕು ಸಾಲು ಹಳದಿ ಉಳಿಯಿತು.

ಅಕ್ಕ ನೆಲದ ಮೇಲೆ ಕೂತು ಬಿದ್ದ ನೂಲನ್ನೆಲ್ಲ ಉಂಡೆ ಸುತ್ತುತ್ತಿದ್ದಳು. "ಅಮ್ಮ, ತಪ್ಪು ತಿಳ್ಕೋಬೇಡಿ" ಅಂದಳು. "ಇದನ್ನ ನನಗೆ ಕೊಡಿ. ಮುಂದಿಂದು ನಾನು ಹಾಕ್ತೀನಿ. ನನಗೆ ಅಷ್ಟೇನೂ ಬರಲ್ಲ. ಅವಳು ನಮ್ಮನೇಲಿ ಇದ್ದಾಗ ಒಂದಿಷ್ಟು ಕಲಿಸಿದ್ಲು."

"ಅವಳು ಕಲಿಸಿದ್ಲಾ?" ಆಕೆ ಮಗುವನ್ನು ಅಕ್ಕನ ಪಕ್ಕ ಬಟ್ಟೆ ಹಾಸಿ ಮಲಗಿಸಿದಳು. "ಹಾಕಿ ತೋರಿಸು ತಾಯಿ."

ಅಕ್ಕ ಕೈ ಒರೆಸಿಕೊಂಡು ಕಡ್ಡಿ ತಗೊಂಡಳು. ನೂಲನ್ನು ಕಿರುಬೆರಳಿಗೆ ಸುತ್ತಲಿಲ್ಲ. ನಡುಬೆರಳ ಮೇಲೆ ಸುಮ್ಮನೆ ಬಿಟ್ಟುಕೊಂಡಳು. ಒಂದು ಕುಣಿಕೆ, ಇನ್ನೊಂದು, ಮತ್ತೊಂದು. ಸಡಿಲ, ಒಂದರ ಹಾಗೆ ಒಂದಿಲ್ಲ.

ಉಲ್ಲನ್ ಅಂಗಡಿಯ ಅಮ್ಮನ ಕೈ ತನ್ನಷ್ಟಕ್ಕೆ ಮುಂದೆ ಹೋಯಿತು. ಆಕೆ ಅದನ್ನು ನೋಡಿದಳು. ಹಿಂದಕ್ಕೆ ಎಳೆದುಕೊಂಡು, ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು.

"ಚೆನ್ನಾಗಿದೆ" ಅಂದಳು. "ಹಾಗೇ ಹಾಕು. ಯಾರು ಏನೇ ಅಂದ್ರೂ ಬಿಚ್ಚಬೇಡ."

ಆ ಸ್ಟೂಲಿನ ಮೇಲೆ ಅಷ್ಟು ವರ್ಷ ಕೂತವಳು ಆ ಒಂದು ಮಾತನ್ನು ಒಂದು ದಿನವೂ ಕೇಳಿರಲಿಲ್ಲ. ಹೊರಗಿನಿಂದ ಅಳಿಯ, ರೈಲಿಗೆ ಹೊತ್ತಾಯಿತು ಅಂತ ಕರೆದ. ಅಕ್ಕ ಎದ್ದು ಮಗುವನ್ನು ಎತ್ತಿಕೊಂಡಳು. ಅದಕ್ಕೆ ಕೋಟು ತೊಡಿಸಿ ಗುಂಡಿ ಹಾಕುವ ಮುಂಚೆ ಕೊರಳ ಹಳದಿಯನ್ನು ಒಂದಿಷ್ಟು ಮೇಲೆ ಮಾಡಿದಳು, ಹೊರಗೆ ಕಾಣುವ ಹಾಗೆ.