ಎರಡು ಬೆರಳಿನಷ್ಟು ಜಾಗ

ಊರಿನ ಹಿಂದಿನ ಬೆಟ್ಟಸಾಲು ಪೂರಾ ಸುಣ್ಣದಕಲ್ಲಿನದು. ಹೊಲಗಳು ಮುಗಿದು, ಕುರಿ ಮೇಯುವ ಇಳಿಜಾರು ಮುಗಿದು, ಅಲ್ಲಿಂದ ಬಂಡೆ ನೆಟ್ಟಗೆ ಏಳುತ್ತದೆ. ಮಳೆನೀರು ಹರಿದು ಹರಿದು ಅದರ ಮೈತುಂಬ ಗುಳಿ, ಗೀರು, ಅಲಗಿನಂಥ ಅಂಚುಗಳನ್ನು ಮಾಡಿಟ್ಟಿದೆ. ಬೆರಳಿಗೆ ಸಿಕ್ಕುವ ಇಂಥ ಜಾಗಗಳನ್ನೇ ಹಿಡಿದು ಊರಿನ ಕೆಲವರು ರಜೆಯ ದಿನ ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ. ಹತ್ತುವ ದಾರಿಗಳಿಗೆ ಒಂದೊಂದು ಹೆಸರು. ಎಲ್ಲಕ್ಕಿಂತ ಕಷ್ಟದ್ದಕ್ಕೆ 'ಅತ್ತೆ' ಎಂದು ಹೆಸರು, ಯಾರು ಏನು ಮಾಡಿದರೂ ಮೆಚ್ಚುವುದಿಲ್ಲವೆಂದು.

ಅತ್ತೆಯನ್ನು ಯಾರೂ ಹತ್ತಿ ಮುಗಿಸಿರಲಿಲ್ಲ. ಮುಕ್ಕಾಲು ಪಾಲು ಹೋದ ಮೇಲೆ, ಹಗ್ಗ ತೂರಿಸುವ ಕೊನೆಯ ಕಬ್ಬಿಣದ ಬಳೆಯ ಮೇಲುಗಡೆ, ಒಂದಾಳುದ್ದ ಬಂಡೆ ಸಾರಿಸಿಟ್ಟಂತೆ ನುಣ್ಣಗಿತ್ತು. ಅಲ್ಲಿಗೆ ಬಂದವರೆಲ್ಲ ಕೈ ಜಾರಿ ಬಿದ್ದು, ಹಗ್ಗದಲ್ಲಿ ತೂಗಾಡಿ, ಇಳಿದು ಮನೆಗೆ ಹೋದವರೇ.

ಆದರೂ ಬಿಡದೆ ಅಂಟಿಕೊಂಡವರು ಇಬ್ಬರು. ಒಬ್ಬ, ಬೆಟ್ಟದ ಬುಡದಲ್ಲಿ ಹೊಸ್ತಿಲು, ಮೆಟ್ಟಿಲು, ಕಿಟಕಿಯ ಚೌಕಟ್ಟು ಕೆತ್ತುವ ಕಲ್ಲುಕುಟಿಗ. ಇನ್ನೊಬ್ಬಳು ಅವನ ಹೆಂಡತಿಯ ತಂಗಿ, ಪೇಟೆಬೀದಿಯಲ್ಲಿ ಹೊಲಿಗೆಯಂಗಡಿ ಇಟ್ಟವಳು. ಗಿಡ್ಡಗೆ, ಚುರುಕಾಗಿ ಇದ್ದುದರಿಂದ ಎಲ್ಲರ ಬಾಯಲ್ಲೂ ಗುಬ್ಬಿ. ಅವಳಿಗೆ ಹಗ್ಗದ ಗಂಟು ಹಾಕಲು ಕಲಿಸಿದವನು ಭಾವನೇ. ಈಚೆಗೆ ಮಾತ್ರ ಅವನು ಬೀಳುವ ಜಾಗಕ್ಕಿಂತ ಮೊಳ ಮೇಲೆ ಹೋಗಿ ಅವಳು ಬೀಳುತ್ತಿದ್ದಳು.

"ಭಾವ, ಹೊಟ್ಟೇನ ಇಲ್ಲೇ ಬಿಟ್ಟು ಹತ್ತಿ, ನಾನು ನೋಡ್ಕೋತೀನಿ!" ಎಂದು ಕೆಳಗಿನಿಂದ ಕೂಗುವಳು.

"ಇಬ್ರಿಗೂ ನಮ್ಮಮ್ಮನ ಮೇಲೆ ಸಿಟ್ಟು. ಆ ಬಂಡೆ ಮೇಲೆ ತೀರಿಸ್ಕೊಳ್ತಾರೆ" ಎನ್ನುವಳು ಅವನ ಹೆಂಡತಿ.

ಅವನೂ ನಗುತ್ತಿದ್ದ. ಆದರೆ ಮನೆಗೆ ಬಂದು ಕೈಕಾಲು ತೊಳೆಯುವಾಗ, ಆ ಮೊಳದಷ್ಟು ಎತ್ತರ ಅವನ ಕಣ್ಣಿಗೆ ಕಟ್ಟುತ್ತಿತ್ತು. ಮೊದಲು ಹತ್ತಿದವರ ಹೆಸರು ದಾರಿಯ ಹೆಸರಿನ ಜೊತೆ ಉಳಿದುಬಿಡುತ್ತದೆ. ಎರಡನೆಯವರನ್ನು ಯಾರೂ ಕೇಳುವುದಿಲ್ಲ.

ಮಳೆಗಾಲ ಕಳೆದ ಮೇಲೆ ಯಾರಾದರೊಬ್ಬರು ನೆತ್ತಿಯ ಮರಕ್ಕೆ ಹಗ್ಗ ಬಿಗಿದು ಇಳಿದು, ಸಡಿಲಾದ ಕಲ್ಲುಗಳನ್ನು ಸುತ್ತಿಗೆಯಿಂದ ಉದುರಿಸಿ ಬರಬೇಕು. ಸಡಿಲಾದದ್ದನ್ನು ಮಾತ್ರ. ಗಟ್ಟಿ ಬಂಡೆಗೆ ಉಳಿ ಮುಟ್ಟಿಸುವಂತಿಲ್ಲ. ಇದು ಬರೆದಿಟ್ಟ ಕಟ್ಟಳೆಯಲ್ಲ, ಆದರೆ ಹಗ್ಗ ಕಟ್ಟುವ ಪ್ರತಿಯೊಬ್ಬರಿಗೂ ಗೊತ್ತಿರುವಂಥದ್ದು. ಬಂಡೆ ಕೊಟ್ಟದ್ದನ್ನು ಹಿಡಿದು ಹತ್ತಬೇಕು, ಕೊಡದಿದ್ದರೆ ಇಳಿಯಬೇಕು. ಈ ಸಲ ಆ ಕೆಲಸ ಕಲ್ಲುಕುಟಿಗನ ಪಾಲಿಗೆ ಬಂತು.

ಅವನು ಒಬ್ಬನೇ ಹೋದ. ಹುಲ್ಲಿನ ಗಂಟು ಕಿತ್ತ, ಅಲುಗಾಡುವ ಚಕ್ಕೆಗಳನ್ನು ಬೀಳಿಸಿದ. ನುಣ್ಣನೆಯ ಜಾಗಕ್ಕೆ ಬಂದಾಗ ನಿಂತು ಅಂಗೈಯಿಂದ ಸವರಿದ. ಕಲ್ಲು ಒಳ್ಳೆಯದು, ಪದರವಿಲ್ಲದ್ದು, ಹೇಳಿದಂತೆ ಕೇಳುವಂಥದ್ದು. ಸೊಂಟದ ಚೀಲದಿಂದ ಉಳಿ ತೆಗೆದದ್ದು ಕೈಯ ಅಭ್ಯಾಸವೆಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಆದರೆ ಕೈ ಎಲ್ಲಿ ನಿಲ್ಲಿಸಬೇಕೆಂದು ಅಳೆದು, ಬೆರಳು ಇಟ್ಟು ನೋಡಿ, ಇನ್ನಷ್ಟು ಕೆತ್ತಿ, ಅಂಚನ್ನು ಮಳೆನೀರು ಸವೆಸಿದಂತೆ ಉಜ್ಜಿದ್ದು ಅಭ್ಯಾಸವಾಗಿರಲಿಲ್ಲ. ಎರಡು ಬೆರಳು ಹಿಡಿಸುವಷ್ಟು ಗುಳಿ. ಹೊಸ ಗಾಯ ಹಾಲಿನ ಹಾಗೆ ಬೆಳ್ಳಗಿತ್ತು. ಅದಕ್ಕೆ ಹಸಿ ಮಣ್ಣು, ಪಾಚಿ ತಿಕ್ಕಿ ಬೂದುಬಣ್ಣ ಬರಿಸಿದ.

ಮುಂದಿನ ರಜೆಗೆ ಮೊದಲ ಸರದಿ ಗುಬ್ಬಿಯದು. ಅವನು ಕೆಳಗೆ ಹಗ್ಗ ಹಿಡಿದು ನಿಂತ. ಬೂದುಬಣ್ಣದ ಗುಳಿ ಅವಳಿಗೆ ಕಾಣುವುದಿಲ್ಲ, ಎಂದಿನಂತೆ ಬೀಳುತ್ತಾಳೆ, ಆಮೇಲೆ ತನ್ನ ಸರದಿ ಎಂದುಕೊಂಡ. ಅವಳು ಬಳೆ ದಾಟಿದಳು, ನುಣ್ಣನೆಯ ಜಾಗಕ್ಕೆ ಬಂದಳು, ಕೆನ್ನೆಯನ್ನು ಬಂಡೆಗೆ ಒತ್ತಿ ಎಡಗೈ ಚಾಚಿ ಸವರಿದಳು. ಕೈ ಒಂದು ಕಡೆ ನಿಂತಿತು. 'ಇಳಿ' ಎಂದು ಕೂಗಲು ಅವನಿಗೆ ಕಾರಣ ಸಿಗಲಿಲ್ಲ. ನೋಡುತ್ತಿದ್ದಂತೆ ಅವಳು ಮೈ ಎತ್ತಿ, ಕಾಲು ಬದಲಿಸಿ, ನೆತ್ತಿ ಸೇರಿದಳು.

"ಭಾವಾ! ಅತ್ತೆ ಒಪ್ಕೊಂಡ್ಲು!"

ಇಳಿದು ಬಂದವಳು ಅವನ ಭುಜ ಹಿಡಿದು ಕುಣಿದಳು. "ಅಲ್ಲೊಂದು ಚಕ್ಕೆ ಉದುರಿದೆ ಭಾವ, ಮಳೆಗೇ ಇರ್ಬೇಕು. ನನ್ನ ಬೆರಳಿಗೇ ಅಳತೆ ತಗೊಂಡು ಹೊಲಿದಂಗಿದೆ! ಹತ್ತಿ, ಈಗ ನಿಮ್ದು."

"ಮೊಣಕೈ ನೋಯ್ತಿದೆ" ಎಂದ ಅವನು.

ಮರುದಿನ ಹಾಲಿನ ವ್ಯಾನಿನವನು ಮನೆಮನೆಗೆ ಹಾಲಿನ ಜೊತೆ ಸುದ್ದಿಯನ್ನೂ ಸುರಿದು ಬಂದ. ನಗರದ ಬಂಡೆ ಹತ್ತುವವರ ಸಂಘದವರು ವಾರದ ಕೊನೆಗೆ ನೋಡಲು ಬರುವರಂತೆ. ಹೆಂಡತಿ ತಂಗಿಯನ್ನು ಊಟಕ್ಕೆ ಕರೆದಳು. ಗುಬ್ಬಿ ತುತ್ತು ತುತ್ತಿಗೂ ಆ ಗುಳಿಯ ಮಾತಾಡಿದಳು. "ಎಲ್ಲಾ ಭಾವ ಕಲಿಸಿದ್ದು" ಎಂದಳು. ಅವನು ತಟ್ಟೆಯ ಅನ್ನ ಕಲಸುತ್ತ ಲೆಕ್ಕ ಹಾಕಿದ. ಸಂಘದವರಲ್ಲಿ ಒಬ್ಬನಾದರೂ ಉಳಿಯ ಗುರುತು ಹಿಡಿಯುತ್ತಾನೆ. ಆಗ ಎಲ್ಲರ ಕಣ್ಣು ಹೋಗುವುದು ಹತ್ತಿದವಳ ಮೇಲೆ.

ಮರುದಿನ ಅವನು ಹೊಲಿಗೆಯಂಗಡಿಗೆ ಹೋದ. ಗುಬ್ಬಿ ಅಂಗಿಯೊಂದಕ್ಕೆ ಕಾಲರ್ ಹಚ್ಚುತ್ತಿದ್ದಳು.

"ಬನ್ನಿ ಭಾವ. ಮುಖ ಯಾಕೆ ಹಂಗಿದೆ? ಅಕ್ಕ ಬೈದ್ಲಾ?"

"ಆ ಗುಳಿ... ತಾನಾಗಿ ಆಗಿದ್ದಲ್ಲ. ನಾನು ಕೆತ್ತಿದ್ದು."

ಅವಳು ನಕ್ಕಳು. "ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು ಭಾವ."

ಅವನು ನಗಲಿಲ್ಲ. ಮಷಿನಿನ ಪೆಡಲು ನಿಂತಿತು.

"ಯಾಕೆ?"

ದಾರಿಯುದ್ದಕ್ಕೂ ನೇರವಾಗಿ ಹೇಳಬೇಕೆಂದುಕೊಂಡು ಬಂದಿದ್ದ. ಅವಳ ಮುಖ ನೋಡಿದ ಮೇಲೆ ನಾಲಿಗೆ ಬೇರೆ ಕಡೆ ಹೊರಳಿತು.

"ನಿನಗೋಸ್ಕರ. ಪಾಪ, ನಿನ್ನ ಕೈ ಎಟಕ್ತಿರ್ಲಿಲ್ಲ..."

"ಪಾಪಾನಾ?" ಅವಳ ಧ್ವನಿ ಒಡೆಯಿತು. "ನಾನ್ಯಾವತ್ತಾದ್ರೂ ಕೇಳಿದ್ನಾ? ಈ ವರ್ಷ ಆಗ್ದಿದ್ರೆ ಬರೋ ವರ್ಷ ಅಂತಿದ್ದೆ. ನಾನು ಬಿದ್ದಾಗೆಲ್ಲ ನಿಮಗೆ ಪಾಪ ಅನ್ನಿಸ್ತಿತ್ತಾ?"

ಅವಳು ಕಾಲರಿನ ತುಂಡನ್ನೇ ಕಣ್ಣಿಗೆ ಒತ್ತಿಕೊಂಡಳು. ಕೆತ್ತುವಾಗಲೂ ಆಗದಷ್ಟು ನಾಚಿಕೆ ಅವನಿಗೆ ಈಗ ಆಯಿತು.

"ಸುಳ್ಳು ಹೇಳ್ದೆ" ಎಂದ. "ನಿನಗಲ್ಲ. ನನಗೆ. ನಿನಗಿಂತ ಮುಂಚೆ ಹತ್ಬೇಕು ಅಂತ."

ಅವಳು ಪೆಡಲು ತುಳಿದು ಹೊಲಿಗೆ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದಳು.

"ಹಂಗಾದ್ರೆ ಅವತ್ತು ಹಗ್ಗ ಹಿಡ್ಕೊಂಡು, ನಾನು ಯಾವಾಗ ಬೀಳ್ತೀನೋ ಅಂತ ಕಾಯ್ತಾ ಇದ್ರಿ."

"ಹೂಂ."

ಬೀದಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಅವನೇ ಮತ್ತೆ ಬಾಯಿ ತೆರೆದ. "ಮುಚ್ಚಿಬಿಡ್ತೀನಿ. ಸುಣ್ಣಕ್ಕೆ ಕಲ್ಲಿನ ಪುಡಿ ಕಲಸಿ, ಬಣ್ಣ ಕೂಡಿಸಿ, ಯಾರ ಕಣ್ಣಿಗೂ ಬೀಳದ ಹಾಗೆ..."

"ಬೇಡ. ಕಣ್ಣಿಗೆ ಬೀಳೋ ಹಾಗೆ ಮುಚ್ಚಿ. ಕೇಳಿದವರಿಗೆ ನೀವೇ ಹೇಳಿ. ಮನೆಮನೆಗೂ ಹೋಗಿ ನಾನು ಹತ್ತಿಲ್ಲ ಅನ್ನೋಕೆ ನನ್ನ ಕೈಲಾಗಲ್ಲ."

ಮರುದಿನ ಬೆಳಿಗ್ಗೆ ಅವನು ನೆತ್ತಿಯ ಮರಕ್ಕೆ ಹಗ್ಗ ಬಿಗಿದು ಇಳಿದ. ಹೆಂಡತಿಗೆ ಹಿಂದಿನ ಸಂಜೆಯೇ ಹೇಳಿದ್ದ. ಅವಳು ಬೈಯಲಿಲ್ಲ, ಬೆಳಿಗ್ಗೆ ತಿಂಡಿಯ ತಟ್ಟೆ ಅವನ ಮುಂದಿಟ್ಟು ತಾನು ಒಳಗೆ ಹೋಗಿದ್ದಳು. ಬಣ್ಣ ಬೆರೆಸದ ಬಿಳಿ ಗಾರೆಯನ್ನು ಕರಣಿಯಲ್ಲಿ ತೆಗೆದು ಗುಳಿಗೆ ತುಂಬಿದ. ಬೂದು ಬಂಡೆಯ ನಡುವೆ ಅದು ದೂರಕ್ಕೂ ಕಾಣುತ್ತಿತ್ತು.

ಬುಡದ ದಾರಿಯಲ್ಲಿ ಹಾಲಿನ ವ್ಯಾನು ನಿಂತಿತು.

"ಏನಪ್ಪಾ, ಅತ್ತೆಗೆ ಹಲ್ಲು ಕಟ್ತಿದೀಯಾ?" ವ್ಯಾನಿನವನು ಕಿಟಕಿಯಿಂದ ತಲೆ ಹಾಕಿ ಕೂಗಿದ. "ನಿನ್ನ ನಾದಿನಿ ಹತ್ತಿದ ಜಾಗ ಅಲ್ವಾ ಅದು?"

ಕಲ್ಲುಕುಟಿಗ ಬಂಡೆಗೆ ಮುಖ ಮಾಡಿಕೊಂಡೇ ನಡೆದದ್ದನ್ನು ಹೇಳಿದ. ಮಾತು ಬಂಡೆಗಷ್ಟೇ ಕೇಳಿಸಿತೇನೋ.

"ಏನಂದೆ? ತಡಿ, ಇಂಜಿನ್ ಸದ್ದು!"

ವ್ಯಾನಿನವನು ಇಂಜಿನ್ ಆರಿಸಿ ಇಳಿದ. ಹುಲ್ಲು ಹೊತ್ತು ಬರುತ್ತಿದ್ದ ಇಬ್ಬರು ಹೆಂಗಸರೂ ಹೊರೆ ಇಳಿಸಿ ನಿಂತರು. ಮೂವರೂ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

ಅವನು ಕಾಲಿನಿಂದ ಬಂಡೆಯನ್ನು ಒದ್ದು, ಹಗ್ಗದಲ್ಲಿ ಅವರ ಕಡೆ ತಿರುಗಿದ.

"ಇಲ್ಲಿ ಗುಳಿ ಕೆತ್ತಿದ್ದು ನಾನು!" ಎಂದು ಎದೆಯಿಂದ ಕೂಗಿದ. "ನಾನು ಮೊದಲು ಹತ್ಬೇಕು ಅಂತ ಕೆತ್ತಿದೆ. ಗುಬ್ಬಿಗೆ ಗೊತ್ತಿರ್ಲಿಲ್ಲ!"

ಕೆಳಗಿನಿಂದ ಒಂದು ತಮಾಷೆಯ ಮಾತಾದರೂ ಬರಲೆಂದು ಅವನು ಕಾದ. ವ್ಯಾನಿನವನು ಕೈ ಇಳಿಸಿ, ಬೇರೆಲ್ಲೋ ನೋಡುತ್ತ ವ್ಯಾನು ಹತ್ತಿದ. ಹೆಂಗಸರು ಒಬ್ಬರಿಗೊಬ್ಬರು ಹೊರೆ ಎತ್ತಿಕೊಟ್ಟು ಹೊರಟರು. ಗಾರೆ ಇನ್ನೂ ಹಸಿಯಾಗಿತ್ತು. ಅದು ಸ್ವಲ್ಪ ಬಿಗಿಯುವ ತನಕ ಹೆಬ್ಬೆರಳಿನಿಂದ ಒತ್ತಿ ಹಿಡಿದು ಅವನು ಅಲ್ಲೇ ತೂಗುತ್ತಿದ್ದ.