ಒಂದು ಕರೆ ಬಾಕಿ

ಕೆಲಸ ಕೊಡಿಸಿದವನು ಭಾವ. ಅದನ್ನು ಆತ ಮರೆತ ದಿನವಿಲ್ಲ, ಅವಳಿಗೂ ಮರೆಯಲು ಬಿಟ್ಟಿಲ್ಲ. ಆಂಬುಲೆನ್ಸ್ ಕರೆಗಳು ಬರುವ ಆ ಕಚೇರಿಗೆ ಅವನೇ ಮೇಲಧಿಕಾರಿ. ಅಲ್ಲಿನ ಸರ್ವರ್ ನೋಡಿಕೊಳ್ಳುವವಳು ಅವನ ತಮ್ಮನ ಹೆಂಡತಿ. ಬೆಳಿಗ್ಗೆ ಮನೆಯಲ್ಲಿ ಹತ್ತಿದ ಜಗಳ ಮಧ್ಯಾಹ್ನ ಇಲ್ಲಿ ಮುಂದುವರಿಯುತ್ತಿತ್ತು.

ಅವತ್ತು ಮೊದಲನೇ ಸರ್ವರ್‌ಗೆ ಹೊಸ ಸಾಫ್ಟ್‌ವೇರ್ ಪ್ಯಾಕೇಜ್ ಹಾಕಿಯಾಗಿತ್ತು. ಹಾಕಿದ್ದು ಕೆಲಸಕ್ಕೆ ಬರಬೇಕಾದರೆ ಕರೆ ಜೋಡಿಸುವ ಸರ್ವೀಸನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಮಾಡಿದರೆ ಅದರಲ್ಲಿ ನಡೆಯುತ್ತಿರುವ ಮಾತೆಲ್ಲ ಕಟ್. ಅದಕ್ಕೇ ಅವಳು ಹೊಸ ಕರೆಗಳನ್ನು ಎರಡನೇ ಸರ್ವರ್‌ಗೆ ತಿರುಗಿಸಿ, ಹಳೆಯವು ತಾವಾಗಿ ಮುಗಿಯಲಿ ಎಂದು ಕಾದಿದ್ದಳು. ಹದಿನಾಲ್ಕಿದ್ದದ್ದು ಐದಾಯಿತು, ಒಂದಾಯಿತು. ಆ ಒಂದು ಮುಗಿಯಲೊಲ್ಲದು.

ಪಕ್ಕದ ಮೇಜಿನ ಆಪರೇಟರಮ್ಮ ಆ ಕರೆಯಲ್ಲಿದ್ದಳು. ಆ ಕಡೆ ಒಬ್ಬ ಮುದುಕ. ಹೆಂಡತಿಯ ಎದೆಬಡಿತ ನಿಂತಿತ್ತು, ಆಂಬುಲೆನ್ಸ್ ಹೊರಟಿತ್ತು. ಅದು ಮುಟ್ಟುವವರೆಗೆ ಅವನು ಎದೆ ಒತ್ತುತ್ತಲೇ ಇರಬೇಕು, ಕೈ ತೆಗೆದರೆ ಮುಗಿಯಿತು. ಫೋನನ್ನು ಪಕ್ಕದಲ್ಲಿಟ್ಟು ಅವನು ಒತ್ತುತ್ತಿದ್ದ, ಆಪರೇಟರಮ್ಮ ಎಣಿಸುತ್ತಿದ್ದಳು.

"ಇನ್ನೂ ಆಗ್ಲಿಲ್ವಾ?" ಭಾವ ಬೆನ್ನ ಹಿಂದೆ ಬಂದು ನಿಂತ. "ನಾಲ್ಕು ಗಂಟೆಗೆ ಮುಗಿಸ್ತೀವಿ ಅಂತ ಮೇಲಿನವರಿಗೆ ಮಾತು ಕೊಟ್ಟಿದ್ದೀನಿ."

"ಒಂದು ಕರೆ ಬಾಕಿ ಇದೆ ಭಾವ. ಐದು ನಿಮಿಷ ತಡೀರಿ."

"ಒಂದು ಕರೆ ತಾನೆ. ಕಟ್ ಆದ್ರೆ ಮತ್ತೆ ಮಾಡ್ತಾರೆ."

"ಅವರು ಹೆಂಡತಿ ಎದೆ ಒತ್ತುತ್ತಿದ್ದಾರೆ."

"ನನಗೇ ಪಾಠ ಹೇಳ್ಬೇಡ. ಮನೇಲೂ ಇದೇ, ಇಲ್ಲೂ ಇದೇ. ನಿನ್ನ ತಂದು ಕೂರಿಸಿದ್ದೇ ನನ್ನ ತಪ್ಪು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಭಾವನ ಕೈಗೆ ಸಿಗದ ಹಾಗೆ ಕೀಬೋರ್ಡನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು. ಮೌಸನ್ನು ಮಾತ್ರ ಮರೆತಿದ್ದಳು. 'ಈಗ ರೀಸ್ಟಾರ್ಟ್ ಮಾಡಲೇ?' ಎಂದು ಪರದೆ ಕೇಳುತ್ತಲೇ ಇತ್ತು. ಭಾವ ಅವಳ ಭುಜದ ಮೇಲಿಂದ ಬಗ್ಗಿ, ಮೌಸ್ ಹಿಡಿದು 'ಹೌದು' ಒತ್ತಿಬಿಟ್ಟ.

"ಐದು, ಆರು," ಎನ್ನುತ್ತಿದ್ದ ಆಪರೇಟರಮ್ಮ ಏಳಕ್ಕೆ ನಿಂತುಬಿಟ್ಟಳು. "ಹಲೋ? ತಾತ, ಹಲೋ?"

ಸರ್ವೀಸು ಹತ್ತೇ ಸೆಕೆಂಡಿನಲ್ಲಿ ಎದ್ದಿತು. ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಎರಡು ನಿಮಿಷವಿತ್ತು.

"ನೋಡು, ಇಷ್ಟೇ," ಎಂದ ಭಾವ. "ಇಷ್ಟಕ್ಕೆ ಎಂಥಾ ರಂಪ."

ಆಪರೇಟರಮ್ಮ ಮುದುಕನ ನಂಬರಿಗೆ ಮಾಡಿದಳು, ಬಿಜಿ ಬಂತು. ಮತ್ತೆ ಮಾಡಿದಳು, ಮತ್ತೆ ಬಿಜಿ. ಅಷ್ಟರಲ್ಲಿ ಅವಳ ಮೇಜಿಗೇ ಕರೆ ಬಂತು, ಅದೇ ನಂಬರು. ಆಪರೇಟರಮ್ಮ ಭಾವನನ್ನೊಮ್ಮೆ ನೋಡಿ ಸ್ಪೀಕರ್ ಹಾಕಿದಳು.

"ಯಾಕಮ್ಮ ಇಟ್ಬಿಟ್ಟೆ?" ಮುದುಕನಿಗೆ ಏದುಸಿರು. "ಫೋನ್ ಮಾಡೋಕೆ ಕೈ ತೆಗೀಬೇಕಾಯ್ತು. ಈಗ ಎಷ್ಟರಿಂದ ಎಣಿಸ್ಲಿ?"

"ಕೇಳ್ತಿದ್ದಾರಲ್ಲ ಭಾವ," ಎಂದಳು ಅವಳು. "ಹೇಳಿ."

ಭಾವ ಗಡಿಯಾರದ ಕಡೆ ತಿರುಗಿದ.

"ಒಂದರಿಂದ, ತಾತ," ಎಂದಳು ಆಪರೇಟರಮ್ಮ. "ಒಂದು, ಎರಡು..."